ಕಾಕಾನ ಮೂಗು ರಿಟೈರ್ ಆದದ್ದು

ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ ನಮ್ಮ ಕಾಕಾನಿಗಿಂತ ಅವನ ಮೂಗಿಗೇ ಹೆಚ್ಚು ಮರ್ಯಾದೆ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಕಾಕಾನಿಗೂ ಇದು ಗೊತ್ತಿತ್ತು. ಮಳೆಗಾಲದಲ್ಲಿ ಛತ್ರಿ ಮರೆತು ಹೋಗುತ್ತಿದ್ದನೇ ಹೊರತು ಮೂಗಿಗೆ ಕಟ್ಟಿಕೊಳ್ಳುವ ಬಿಳಿ ಕರವಸ್ತ್ರವನ್ನು ಎಂದೂ ಮರೆತವನಲ್ಲ. ಮನುಷ್ಯ ನೆನೆದರೆ ಒಣಗುತ್ತಾನೆ. ಮೂಗಿಗೆ ನೆಗಡಿ ಹತ್ತಿದರೆ ಅಂಗಡಿಯ ಒಂದು ವಾರದ ವ್ಯಾಪಾರ ನಿಂತಂತೆ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಬ್ಯಾಡಗಿ ಕಡೆಯ ನಮ್ಮ ಮನೆತನದಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಮೆಣಸಿನಕಾಯಿಯಿಂದಲೇ ಅನ್ನ ಉಂಡವರು. ಕಾಕಾ ಇಪ್ಪತ್ತೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಒಂದು ದಲಾಲಿ ಅಂಗಡಿ ಸೇರಿದ. ಅಂಗಡಿ ವಾಶಿಗೆ ಹೋದಾಗ ಅದರ ಹಿಂದೆ ಅವನೂ ಹೋದ. ಮನೆ ಮಾತ್ರ ಡೊಂಬಿವಲಿಯಲ್ಲಿ, ನಮ್ಮ ಕಟ್ಟಡದಿಂದ ಎರಡು ಕಟ್ಟಡಗಳ ಆಚೆ. ಅವನಿಗೆ ಚಿಕ್ಕಂದಿನಿಂದ ಅಲರ್ಜಿಯ ದಮ್ಮು. ಧೂಳಿಗೆ ಸೀನು, ಬೂಷ್ಟಿಗೆ ಸೀನು, ಪಾರಿವಾಳದ ಪುಕ್ಕಕ್ಕೆ ಸೀನು, ಸೀನಿದ ಮೇಲೆ ಎದೆಯಲ್ಲಿ ಸೀಟಿ. ಇಂಥವನು ಹುಡುಕಿಕೊಂಡ ನೌಕರಿ ಯಾವುದು? ಮೆಣಸಿನಕಾಯಿ ಅಂಗಡಿಯಲ್ಲಿ ಮಾಲು ಪರೀಕ್ಷೆ ಮಾಡುವುದು!

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಖಾರದ ಘಾಟಿಗೆ ಆ ಮಾರ್ಕೆಟ್ಟಿನಲ್ಲಿ ಹೊಸಬರು ಮಾತ್ರ ಸೀನುತ್ತಾರೆ. ಹಳಬರಿಗೆ ಅದು ಬರೀ ಗಾಳಿ. ಕಾಕಾ ಸೀನುತ್ತಿದ್ದದ್ದು ಖಾರಕ್ಕಲ್ಲ, ಖಾರದೊಳಗೆ ಅಡಗಿ ಕೂತ ಬೂಷ್ಟಿಗೆ. ಚೀಲದ ಬಾಯಿ ಬಿಚ್ಚಿ, ಕರವಸ್ತ್ರ ಸರಿಸಿ, ಮೂಗನ್ನು ಒಳಗೆ ಇಳಿಸಿ, ಕಣ್ಣು ಮುಚ್ಚುತ್ತಿದ್ದ. ಸುತ್ತಲಿನವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಏನೂ ಆಗದಿದ್ದರೆ ಮಾಲು ಒಂದನೆಯ ದರ್ಜೆ. ಒಂದು ದೊಡ್ಡ ಸೀನು ಬಂದರೆ ಧೂಳಷ್ಟೇ, ಝಾಡಿಸಿದರೆ ಹೋಗುತ್ತದೆ, ಎರಡನೆಯ ದರ್ಜೆ. ಸಾಲಾಗಿ ಮೂರು ಸಣ್ಣ ಸೀನು ಬಂದವೋ, ಮುಗಿಯಿತು. "ತೂಕ ಬರ್ಲಿ ಅಂತ ತಳದಾಗ ನೀರ ಹೊಡದಾರ. ಬೂಷ್ಟು ಐತಿ. ಸುರುವಿ ನೋಡ್ರಿ," ಎನ್ನುತ್ತಿದ್ದ. ಸುರುವಿದರೆ ತಳದಲ್ಲಿ ಬೂಷ್ಟು ಇದ್ದೇ ಇರುತ್ತಿತ್ತು. ಒಮ್ಮೆ ಅಂಗಡಿಯ ಮಾಲೀಕ ಸೇಠರು ಹೊರದೇಶದ ತೇವ ಅಳೆಯುವ ಯಂತ್ರ ತರಿಸಿದರು. ಅದು ಮಳೆಗಾಲದಲ್ಲಿ ತಾನೇ ತೇವವಾಗಿ ಕೆಟ್ಟಿತು. "ಮಷೀನ್ ಖರಾಬ್ ಹೋ ಸಕ್ತಾ ಹೈ, ಯೇ ನಾಕ್ ನಹೀ!" ಎಂದು ಸೇಠರು ಗಿರಾಕಿಗಳ ಮುಂದೆ ಕಾಕಾನ ಬೆನ್ನು ತಟ್ಟಿದರು. ಪಾಪ, ಯಂತ್ರ ಕೆಡುತ್ತದೆ ಎಂದು ಬಲ್ಲವರಿಗೆ ಮೂಗೂ ಕೆಡುತ್ತದೆ ಎಂದು ಹೊಳೆಯಲಿಲ್ಲ.

ಬೆಳಗಿನಿಂದ ಮಧ್ಯಾಹ್ನದವರೆಗೆ ಸೀನಿ, ಎದೆ ಸೀಟಿ ಹೊಡೆಯಲು ಶುರುವಾದಾಗ ದಮ್ಮಿನ ಔಷಧದ ಪಂಪನ್ನು ಬಾಯಿಗಿಟ್ಟು ಎರಡು ಸಲ ಎಳೆದು, ಚಹಾ ಕುಡಿದು, ಮತ್ತೆ ಚೀಲಕ್ಕೆ ಮೂಗು ಇಳಿಸುತ್ತಿದ್ದ. ಹಳೆಯ ಡಾಕ್ಟರರೊಬ್ಬರು ಈ ಕೆಲಸ ಬಿಡಲೇಬೇಕು ಎಂದಿದ್ದರು. ಕಾಕಾ ಯೋಚಿಸಿ ನೋಡಿ ಡಾಕ್ಟರರನ್ನು ಬಿಟ್ಟ.

ಮೂಗಿನ ಅಧಿಕಾರ ಮಾರ್ಕೆಟ್ಟಿಗಷ್ಟೇ ಸೀಮಿತವಾಗಿರಲಿಲ್ಲ. ನನಗೆ ವರ ನೋಡುವಾಗ ಅಂಬರನಾಥದ ಒಂದು ಮನೆಗೆ ಹೋದೆವು. ಹುಡುಗ ಒಳ್ಳೆಯವನು, ನೌಕರಿ ಗಟ್ಟಿ, ಉಪ್ಪಿಟ್ಟೂ ಚೆನ್ನಾಗಿತ್ತು. ಕಾಕಾ ಸೋಫಾದ ಮೇಲೆ ಕೂತ. ಹನ್ನೊಂದು ಸೀನು! ನಾನೇ ಎಣಿಸಿದೆ. ಹನ್ನೊಂದನೆಯದು ಮುಗಿದ ಮೇಲೆ ಎಲ್ಲರ ಎದುರಿಗೇ ಅಂದ:

"ಈ ಮನ್ಯಾಗ ಗಾದಿ ಬಿಸಲಿಗೆ ಹಾಕಿ ಹತ್ತು ವರ್ಷ ಆಗ್ಯಾವ. ನಮ್ಮ ಹುಡುಗಿ ಬಂದು ಇದನ್ನೆಲ್ಲ ಝಾಡಿಸೂದರಾಗ ಮುದುಕಿ ಆಗ್ತಾಳ."

ಸಂಬಂಧ ಮುರಿಯಿತು. ಮುಂದೆ ವಿಠ್ಠಲವಾಡಿಯ ಒಂದು ಮನೆಯಲ್ಲಿ ಸೀನು ಮೂಗಿನ ತುದಿಯವರೆಗೆ ಬಂದು ಹಿಂದೆ ಹೋಯಿತು. "ಅರ್ಧಾ ಸೀನು. ನಡೀತೈತಿ," ಎಂದ. ನನ್ನ ಮದುವೆಯಾಯಿತು. ಜಗಳವಾದಾಗಲೆಲ್ಲ ನನ್ನ ಗಂಡ, "ನೆನಪಿಟ್ಟುಕೋ, ನಾನು ಅರ್ಧ ಸೀನಿನವನು," ಎಂದು ಎದೆ ತಟ್ಟಿಕೊಳ್ಳುತ್ತಾನೆ.

ಕಾಕಾನಿಗೆ ಅರವತ್ತೈದರ ಆಸುಪಾಸು ಇದ್ದಾಗ ಸೀನು ಕಡಿಮೆಯಾಯಿತು. ಒಂದೇ ದಿನ ನಿಂತದ್ದಲ್ಲ. ಹನ್ನೊಂದು ಬರುವಲ್ಲಿ ನಾಲ್ಕು, ನಾಲ್ಕು ಬರುವಲ್ಲಿ ಒಂದು, ಆಮೇಲೆ ಅದೂ ಇಲ್ಲ. ಎದೆಯ ಸೀಟಿಯೂ ಕೇಳಿಸದಾಯಿತು. ನಮ್ಮ ಮನೆಗಳಲ್ಲಿ ಹಬ್ಬದ ವಾತಾವರಣ! ಕಾಕು, ಅಂದರೆ ಕಾಕಾನ ಹೆಂಡತಿ, ಸತ್ಯನಾರಾಯಣ ಪೂಜೆ ಮಾಡಿಸಿದಳು. ಪೂಜೆಗೆ ಬಂದವರಿಗೆಲ್ಲ ಕಾಕಾ ತನ್ನ ಸಿದ್ಧಾಂತವನ್ನು ಪ್ರಸಾದದ ಜೊತೆಗೇ ಹಂಚಿದ.

"ಮನಶ್ಯಾಗ ರಿಟೈರ್‌ಮೆಂಟ್ ಇದ್ದಂಗ ರೋಗಕ್ಕೂ ಇರ್ತೈತಿ. ನನ್ನ ದಮ್ಮು ಸರ್ವಿಸ್ ಮುಗಿಸಿ ಮನಿಗೆ ಹೋತು."

"ಮತ್ತ ಪಂಪು?" ಎಂದೆ ನಾನು.

"ಜಗಳ ಇಲ್ಲದ ಮನಿಗೆ ಪೊಲೀಸ್ ಯಾಕ?"

ಪಂಪು ಷೋಕೇಸಿಗೆ ಹೋಯಿತು. ಒಂದು ಕಡೆ ಅವನ ಮಗಳು ಶಾಲೆಯಲ್ಲಿ ಗೆದ್ದ ಕಪ್ಪು, ಇನ್ನೊಂದು ಕಡೆ ಪ್ಲಾಸ್ಟಿಕ್ಕಿನ ತಾಜಮಹಲು, ನಡುವೆ ನೀಲಿ ಪಂಪು. ದಮ್ಮು ನಿಜವಾಗಿ ಎಲ್ಲಿಗೂ ಹೋಗಿರಲಿಲ್ಲ. ಅದು ಗದ್ದಲ ಮಾಡುವುದನ್ನು ಬಿಟ್ಟು ಅವನ ಉಸಿರನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತಿತ್ತು. ಇದನ್ನು ನಾನು ಈಗ ಬರೆಯಬಲ್ಲೆ. ಆಗ ನಾನು ಪ್ರಸಾದ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ.

ಮಾರ್ಕೆಟ್ಟಿನಲ್ಲಿ ಏನಾಯಿತು ಕೇಳಿ. ಸೀನು ಬಾರದಿದ್ದರೆ ಮಾಲು ಒಂದನೆಯ ದರ್ಜೆ ಎಂಬುದು ನಲವತ್ತು ವರ್ಷಗಳ ಕಾನೂನು. ಆ ಮಳೆಗಾಲದಲ್ಲಿ ಕಾಕಾ ಮೂಗು ಇಳಿಸಿದ ಚೀಲಗಳೆಲ್ಲ ಒಂದನೆಯ ದರ್ಜೆ! ಡಬ್ಬಿ ತಳಿಯ ಮೆಣಸಿನಕಾಯಿ ಒಂದನೆಯದು, ಕಡ್ಡಿ ತಳಿಯದು ಒಂದನೆಯದು, ಹರಕು ಚೀಲದಲ್ಲಿ ಬಂದದ್ದೂ ಒಂದನೆಯದು. ಬೇರೆ ಯಾರಾದರೂ ಆಗಿದ್ದರೆ ತನ್ನ ಮೂಗಿಗೇ ಏನೋ ಆಗಿದೆ ಎಂದು ಯೋಚಿಸುತ್ತಿದ್ದರು. ಕಾಕಾ ಯೋಚಿಸಿದ್ದೇ ಬೇರೆ. ಒಂದು ದಿನ ರೈಲಿಗೆ ಕಾಯುವಾಗ ನನಗೆ ಹೇಳಿದ:

"ಜನಾ ಸುಧಾರಿಸ್ಯಾರವಾ. ಈಗ ಯಾರೂ ನೀರ ಹೊಡ್ಯೂದಿಲ್ಲ. ಪ್ರಾಮಾಣಿಕತಾ ಬಂದೈತಿ. ದೇಶ ಮುಂದ ಹೊಂಟೈತಿ ನೋಡು."

ದೇಶ ಮುಂದೆ ಹೋಯಿತೋ ಇಲ್ಲವೋ, ಕೊಲ್ಹಾಪುರಕ್ಕೆ ಹೋದ ಹನ್ನೆರಡು ಚೀಲ ಹಿಂದೆ ಬಂದವು. ಸುರುವಿದರೆ ಒಳಗೆ ಬಿಳಿ ಗಡ್ಡ ಬಿಟ್ಟ ಮೆಣಸಿನಕಾಯಿ. ಎಲ್ಲರಿಗೂ ಕಣ್ಣಿಗೆ ಕಾಣುತ್ತಿತ್ತು. ಕಾಕಾ ಬಗ್ಗಿ ಮತ್ತೆ ಮೂಸಿ ನೋಡಿದ. ಬಹಳ ಹೊತ್ತು ಕಾಯ್ದ. "ನನಗೇನೂ ಆಗವಲ್ದು," ಎಂದ. ಸೇಠರು ಮರುದಿನ ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿಸಿ, ಇನ್ನು ಮೇಲೆ ಇಲ್ಲಿ ಕೂತು ಉಳಿದವರಿಗೆ ಕಲಿಸಿ ಎಂದರು. ಕಲಿಸುವುದೇನನ್ನು? ಎಲೆ ಅಡಿಕೆ ಕಟ್ಟುವುದನ್ನು ಕಲಿಸಬಹುದು, ಸೀನುವುದನ್ನು ಹೇಗೆ ಕಲಿಸುವುದು? ಆದರೂ ಕಾಕಾ ದಿನವೂ ಹೋಗಿ ಆ ಕುರ್ಚಿಯಲ್ಲಿ ಕೂತು ಬರುತ್ತಿದ್ದ.

ಆ ನಂತರದ ಐದಾರು ವರ್ಷಗಳಲ್ಲಿ ಕಾಕಾ ವಿಚಿತ್ರ ಮನುಷ್ಯನಾದ. ಮೊದಲೇನು ಕಡಿಮೆ ವಿಚಿತ್ರನಾಗಿದ್ದನೇ ಎಂದು ನೀವು ಕೇಳಬಹುದು. ಇದು ಬೇರೆ ಬಗೆ. ಮೂವತ್ತು ವರ್ಷ ಫಾಸ್ಟ್ ಲೋಕಲ್ಲಿಗೆ ಓಡಿ ಹತ್ತಿದವನು ಈಗ ಸ್ಲೋ ಲೋಕಲ್ಲಿನಲ್ಲೇ ಹೋಗುತ್ತೇನೆ ಎಂದ. "ಫಾಸ್ಟ್ ಗಾಡಿ ಸಂಸ್ಕಾರ ಇಲ್ಲದವರದು," ಎಂದ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಐದರಿಂದ ಒಂದಕ್ಕೆ ಇಳಿಯಿತು. "ದೇವರು ಒಂದ ಸಲಕ್ಕ ನೋಡಿರ್ತಾನ, ಅವಂಗೇನು ಕಣ್ಣು ಕಾಣೂದಿಲ್ಲೇನು?" ಎಂದ. ಬಾಯಿತುಂಬ ಮಾತಾಡುತ್ತಿದ್ದವನು ಎರಡೆರಡು ಶಬ್ದದಲ್ಲಿ ಮುಗಿಸತೊಡಗಿದ. ಕಾಕುಗೆ ಇದು ಎಲ್ಲಕ್ಕಿಂತ ಹಿತವಾಯಿತು. "ನಲವತ್ತು ವರ್ಷ ಆದ ಮ್ಯಾಲೆ ಈ ಮನ್ಯಾಗ ನನಗ ಮಾತಾಡ್ಲಿಕ್ಕೆ ಜಾಗಾ ಸಿಕ್ಕೈತಿ," ಎಂದು ನಮ್ಮೆಲ್ಲರಿಗೂ ಹೇಳಿಕೊಂಡು ನಕ್ಕಳು.

ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವಳು, "ನಾನಾಜಿ, ಆಪ್ ಭೀ ಫೂಂಕೋ ನಾ!" ಎಂದು ಕಾಕಾನನ್ನು ಮೇಣದಬತ್ತಿ ಊದಲು ಕೇಕಿನ ಮುಂದೆ ಎಳೆದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಬರುತ್ತದೆ. ಕಾಕಾ ಬಗ್ಗಿ ಊದಿದ. ಜ್ವಾಲೆ ಸ್ವಲ್ಪ ವಾಲಿ ನೆಟ್ಟಗೆ ನಿಂತಿತು. ಇನ್ನೊಮ್ಮೆ ಊದಿದ. ಏಳು ಮೇಣದಬತ್ತಿಗಳಲ್ಲಿ ಒಂದೂ ಆರಲಿಲ್ಲ. ಕಾಕಾ ಎದ್ದು ನಿಂತು, ಒಂದೊಂದೇ ಶಬ್ದ ಬಿಡಿಸಿ ಅಂದ:

"ದೀಪಾ ಆರಸೂದು... ನಮ್ಮ ಪದ್ಧತಿ ಅಲ್ಲ. ಉರೀಲಿ... ಬಿಡ್ರಿ."

ಎಂಥ ಮಾತು! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ನಡೆದದ್ದು ಹಾಗೆಯೇ.

ಮುಂದೆ ಬಂದದ್ದು ಒಂದು ಮಂಗಳವಾರ. ನನ್ನ ಕಚೇರಿ ಠಾಣೆಯಲ್ಲಿ. ಕಾಕಾ ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯಬೇಕು. ಆ ದಿನ ಇಬ್ಬರೂ ಒಂದೇ ಲೋಕಲ್ಲಿನಲ್ಲಿ ಬಂದೆವು, ನಾನು ಮಹಿಳೆಯರ ಡಬ್ಬಿಯಲ್ಲಿ, ಅವನು ಹಿಂದಿನ ಡಬ್ಬಿಯಲ್ಲಿ. ಇಳಿದು ಸೇತುವೆಯ ಮೆಟ್ಟಿಲು ಹತ್ತತೊಡಗಿದೆವು. ಮೇಲೆ ಮುಟ್ಟಿ ತಿರುಗಿ ನೋಡಿದರೆ ಕಾಕಾ ಇಲ್ಲ. ಕೆಳಗೆ ನೋಡಿದೆ. ಅರ್ಧ ಮೆಟ್ಟಿಲಲ್ಲಿ, ಕಂಬಿ ಹಿಡಿದು, ಗೋಡೆಯ ಮೇಲಿನ ಜಾಹೀರಾತು ಓದುತ್ತ ನಿಂತಿದ್ದ. ಇದು ಹೊಸದಲ್ಲ. ಒಂದೆರಡು ವರ್ಷಗಳಿಂದ ಅವನು ಯಾವ ಸ್ಟೇಶನ್ನಿನಲ್ಲೂ ಒಂದು ಜಾಹೀರಾತನ್ನೂ ಬಿಡದೆ ಓದುತ್ತಿದ್ದ. ಕ್ಲಾಸು, ಫ್ಲಾಟು, ಬೋಳುತಲೆಗೆ ಔಷಧ, ಎಲ್ಲ ಅವನಿಗೆ ಬಾಯಿಪಾಠ. ನಾನು ಸಿಟ್ಟಿನಿಂದ ಇಳಿದು ಹೋದೆ.

"ಕಾಕಾ, ಏನ್ ಓದಾಕತ್ತಿ? ನನಗ ಹೊತ್ತಾತು."

ನಾನು ಗೋಡೆಯ ಕಡೆಗೆ ನೋಡಿದೆ. ಅಲ್ಲಿ ಜಾಹೀರಾತು ಇರಲಿಲ್ಲ. ಹಿಂದಿನ ವಾರ ತೆಗೆದುಹಾಕಿದ್ದರು. ಬರಿಯ ಕಬ್ಬಿಣದ ಚೌಕಟ್ಟು, ಅದರೊಳಗೆ ಖಾಲಿ ತಗಡು. ಕಾಕಾ ಆ ತಗಡನ್ನು ಓದುತ್ತಿದ್ದ. ಅವನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಕೊರಳಿನ ಎರಡೂ ಬದಿಯಲ್ಲಿ ಚರ್ಮ ಒಳಕ್ಕೆ ಸೇದಿಕೊಂಡು ಮತ್ತೆ ಹೊರಗೆ ಬರುತ್ತಿತ್ತು. ಶಬ್ದ ಏನೂ ಇರಲಿಲ್ಲ. ಸೀಟಿ ಇರಲಿಲ್ಲ, ಕೆಮ್ಮು ಇರಲಿಲ್ಲ.

"ಆರಾಮ... ಅದೀನಿ," ಎಂದ. ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೆಯೇ ಅನಿಸುತ್ತಿತ್ತು.

ಮೆಟ್ಟಿಲ ಮೇಲೆ ಕೂರಿಸಿದೆ. ಜನ ಸೇರಿದರು. ಒಬ್ಬರು ಈರುಳ್ಳಿ ಮೂಸಿಸಿ ಎಂದರು, ಒಬ್ಬರು ಚಪ್ಪಲಿ ಮೂಸಿಸಿ ಎಂದರು. ನಲವತ್ತು ವರ್ಷ ಮೂಸುವುದನ್ನೇ ಉದ್ಯೋಗ ಮಾಡಿಕೊಂಡವನಿಗೆ! ಇಬ್ಬರು ಅಪರಿಚಿತರು ಅವನನ್ನು ಎತ್ತಿಕೊಂಡು ಕೆಳಗೆ ರಿಕ್ಷಾದವರೆಗೆ ತಂದರು. ಅವರ ಹೆಸರು ಕೇಳುವುದು ನನಗೆ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಆಮ್ಲಜನಕ ಕೊಟ್ಟರು. ನೋಡಿದ ಡಾಕ್ಟರು ಒಬ್ಬ ಹೆಂಗಸು, ಮೂಲ ಮೈಸೂರು, ಮನೆ ಸೀವುಡ್ಸಿನಲ್ಲಿ. ನಾಲ್ಕನೆಯ ದಿನ ಕಾಕಾನ ಕೈಗೆ ಉಸಿರಿನ ಬಲ ಅಳೆಯುವ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಕೊಟ್ಟು ಜೋರಾಗಿ ಊದಿ ಎಂದರು. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳು, ಒಂದು ಮುಳ್ಳು. ಕಾಕಾ ಊದಿದ. ಮುಳ್ಳು ಸ್ವಲ್ಪ ಸರಿದು ಕೆಂಪಿನಲ್ಲೇ ನಿಂತಿತು. ಕಾಕಾನ ಮುಖ ಅರಳಿತು.

"ಕೆಂಪು! ನೋಡವಾ, ಕೆಂಪು ಬಂತು!"

"ಸರ್, ಕೆಂಪು ಬರಬಾರದು," ಎಂದರು ಡಾಕ್ಟರು.

"ಯಾಕ್ರಿ? ನಮ್ಮಲ್ಲಿ ಕೆಂಪಿಗೇ ರೇಟು. ಹಳದಿ ಬಂದ್ರ ಎರಡನೇ ದರ್ಜೆ. ಹಸರು ಇದ್ದದ್ದು ಭಜಿಗೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಮೆಣಸಿನಕಾಯಿಯ ವಿಷಯ ಹೇಳಿದೆ. ಅವರು ನಗಲಿಲ್ಲ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ ಸರ್, ವಯಸ್ಸಾದ ಹಾಗೆ ಕೆಲವರಲ್ಲಿ ಅಲರ್ಜಿಯ ಗಲಾಟೆ ಕಡಿಮೆ ಆಗುತ್ತೆ. ಸೀನು ನಿಲ್ಲುತ್ತೆ. ಆದ್ರೆ ಅಸ್ತಮಾ ಹೋಯ್ತು ಅಂತ ಅರ್ಥ ಅಲ್ಲ. ಇಷ್ಟು ವರ್ಷ ಊದಿಕೊಂಡು ಊದಿಕೊಂಡು ಉಸಿರಿನ ನಾಳದ ಗೋಡೆ ದಪ್ಪ ಆಗಿದೆ. ಅದರ ಮೇಲೆ ವಯಸ್ಸು. ಶ್ವಾಸಕೋಶ ಹಳೇ ರಬ್ಬರ್ ಬ್ಯಾಂಡ್ ಥರ, ಹಿಗ್ಗಿದ್ದು ಸರಿಯಾಗಿ ಕುಗ್ಗಲ್ಲ. ಗಾಳಿ ಒಳಗೆ ಹೋಗುತ್ತೆ, ಪೂರ್ತಿ ಹೊರಗೆ ಬರಲ್ಲ. ಎದೆಗೂಡು ಬಿಗಿಯಾಗುತ್ತೆ, ಉಸಿರು ಎಳೆಯೋ ಸ್ನಾಯುಗಳೂ ಸೋಲುತ್ತವೆ."

"ಆದರ ನನಗ ದಮ್ಮು ಹತ್ತೂದ ಇಲ್ಲಲ್ರಿ."

"ಅದೇ ತೊಂದರೆ. ಉಸಿರು ಸಾಲದೆ ಇದ್ದಾಗ ಅದು ನಿಮಗೆ ಗೊತ್ತಾಗಬೇಕು. ವಯಸ್ಸಾದ ಮೇಲೆ ಅದು ಮೊದಲಿನ ಹಾಗೆ ಗೊತ್ತಾಗಲ್ಲ. ನಿಮ್ಮ ಕಾಲು ನಿಂತುಬಿಡುತ್ತೆ, ನೀವು ಪೋಸ್ಟರ್ ನೋಡೋಕೆ ನಿಂತೆ ಅಂದುಕೊಳ್ತೀರಿ."

ಕಾಕಾ ಆ ಕೊಳವೆಯ ಕೆಂಪು ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೇಳಿದ:

"ಪಂಪು ತಗೊಂಡ್ರ ಸೀನು ವಾಪಸ್ ಬರ್ತೈತೇನ್ರಿ?"

"ಬರಲ್ಲ ಸರ್. ಯಾಕೆ ಬರಬೇಕು?"

ಕಾಕಾ ಕಿಟಕಿಯ ಕಡೆಗೆ ತಿರುಗಿದ. ಹಾಸಿಗೆಯ ಬದಿಯಲ್ಲಿ ನಿಂತಿದ್ದ ಕಾಕು ಹೇಳಿದಳು: "ಅದು ಅವರ ನೌಕ್ರಿರಿ, ಡಾಕ್ಟರ ಬಾಯಾರ."

ಮನೆಗೆ ಬಂದ ಮೇಲೆ ಯುದ್ಧ ಶುರುವಾಯಿತು. ಹೊಸ ಪಂಪು ದಿನಕ್ಕೆ ಎರಡು ಸಲ, ತಪ್ಪದೆ. ಮೆಣಸಿನಕಾಯಿ ಅಂಗಡಿಗೆ ಹೋಗುವಂತಿಲ್ಲ. ಕಾಕಾ ಪಂಪನ್ನು ಬಾಯಿಗೆ ಹಿಡಿಯುತ್ತಿದ್ದ, ಒತ್ತುತ್ತಿದ್ದ, ಒಳಗೆ ಮಾತ್ರ ಎಳೆಯುತ್ತಿರಲಿಲ್ಲ. ಔಷಧ ಕೋಣೆಯ ಗಾಳಿಗೆ ಸೇರುತ್ತಿತ್ತು. "ಸೊಳ್ಳಿಗೆ ದಮ್ಮು ಇದ್ರ ಕಡಿಮಿ ಆಗಿರ್ಬೇಕು ನೋಡು," ಎಂದು ಕಾಕು ನನ್ನ ಹತ್ತಿರ ಹೇಳಿಕೊಂಡಳು. ಒಂದು ದಿನ ಅವನ ಎದುರಿಗೇ ನಿಂತು ಕೇಳಿದಳು:

"ಯಾಕ್ರಿ, ನಿಮಗ ಬದಕೂದು ಬ್ಯಾಡೇನು?"

"ಬದಕಿ ಏನ್ ಮಾಡ್ಲಿ? ಕುರ್ಚಿ ಮ್ಯಾಲ ಕುಂಡ್ರ್ಲಿ?"

"ಕುಂಡ್ರ್ರಿ. ನಾನೂ ಕುಂಡ್ರ್ತೀನಿ. ಎರಡು ಕುರ್ಚಿ ಅದಾವ."

ಕಾಕು ಅಷ್ಟು ಹೇಳಿ ಅಡಿಗೆಮನೆಗೆ ಹೋದಳು. ಕಾಕಾ ಪಂಪು ಎತ್ತಿಕೊಂಡ. ಅವತ್ತು ಎಳೆದನೋ ಇಲ್ಲವೋ ನನಗೆ ಕಾಣಿಸಲಿಲ್ಲ. ಬೆನ್ನು ನನ್ನ ಕಡೆಗಿತ್ತು.

ಡಾಕ್ಟರು ನಮಗೆ ಇನ್ನೊಂದು ಕೆಲಸ ಹೇಳಿದ್ದರು. ಇವರಿಗೆ ತಮ್ಮ ಉಸಿರಿನ ಸುದ್ದಿ ತಿಳಿಯುವುದಿಲ್ಲ, ಆದ್ದರಿಂದ ಮನೆಯವರು ನೋಡುತ್ತಿರಬೇಕು. ಮಲಗಿದ್ದಾಗ ಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ. ಇಪ್ಪತ್ತೈದು ದಾಟಿದರೆ ಫೋನು ಮಾಡಿ. ಎಣಿಸುತ್ತಿದ್ದೀರೆಂದು ಗೊತ್ತಾದರೆ ಉಸಿರು ಬದಲಾಗುತ್ತದೆ, ಅವರಿಗೆ ಹೇಳಬೇಡಿ. ಕಾಕು ವಾರವೆಲ್ಲ ನೊಣ ಓಡಿಸುವ ನೆಪದಲ್ಲಿ ಎಣಿಸುತ್ತಾಳೆ. ಭಾನುವಾರ ಮಧ್ಯಾಹ್ನದ ಪಾಳಿ ನನ್ನದು.

ಕಳೆದ ಭಾನುವಾರ ಊಟವಾದ ಮೇಲೆ ಕಾಕಾ ಎರಡು ದಿಂಬಿಗೆ ಒರಗಿ ಮಲಗಿದ. ನಾನು ಪಕ್ಕದಲ್ಲಿ ಪತ್ರಿಕೆ ಹಿಡಿದು, ಅದರ ಹಿಂದೆ ಫೋನಿನ ಗಡಿಯಾರ ಇಟ್ಟುಕೊಂಡು ಕೂತೆ. ಅಂಗಿಯ ಎರಡನೆಯ ಗುಂಡಿ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ಹದಿಮೂರರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ನಾನು ಎಣಿಸಲಿಲ್ಲ, ಆ ಗುಂಡಿಯನ್ನಷ್ಟೇ ನೋಡಿದೆ. ಈ ಎದೆ ಇಷ್ಟು ವರ್ಷ ನನ್ನ ಕಣ್ಣ ಮುಂದೆಯೇ ಇತ್ತಲ್ಲ ಎಂದು ಅನಿಸಿತು. ಕಣ್ಣು ಮಂಜಾಗಿ ಗಡಿಯಾರ ಕಾಣಿಸಲಿಲ್ಲ.

"ಎಷ್ಟಾತು?"

ಕಾಕಾ ಕಣ್ಣು ತೆರೆದಿರಲಿಲ್ಲ.

"ನಿದ್ದಿ ಹತ್ತಿಲ್ಲೇನು ನಿನಗ?"

"ನೀವಿಬ್ಬರೂ ಎಣಸೂದು ಮುಗಿಸಿದ ಮ್ಯಾಲ ಮಲಗತೀನಿ. ದಿನಾ ಹಂಗ ಮಾಡ್ತೀನಿ. ಎಷ್ಟಾತು ಹೇಳು."

"ಮರತೆ, ಕಾಕಾ."

ಬಯ್ಯುತ್ತಾನೆ ಎಂದುಕೊಂಡೆ. ಒಂದು ಚೀಲ ತಪ್ಪಿ ಎಣಿಸಿದವರನ್ನು ಅವನು ಸುಮ್ಮನೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ತಲೆಯ ಹತ್ತಿರ ಇದ್ದ ಪಂಪು ತೆಗೆದುಕೊಂಡ, ಬಾಯಿಗೆ ಹಿಡಿದು ಒತ್ತಿದ. ಈ ಸಲ ಒಳಗೆ ಎಳೆದ. ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅವಸರ ಇಲ್ಲ. ಮತ್ತ ಮೊದಲಿಂದ ಎಣಸು," ಎಂದ.

ಪತ್ರಿಕೆ ಕೆಳಗಿಟ್ಟೆ. ಅವನು ನಿಧಾನವಾಗಿ ಉಸಿರು ಎಳೆದುಕೊಂಡ. ನಾನು ಕಣ್ಣು ಒರೆಸಿಕೊಂಡು "ಒಂದು" ಎನ್ನುವವರೆಗೆ ಅದನ್ನು ಬಿಡದೆ, ನನಗಾಗಿ ಹಿಡಿದುಕೊಂಡಿದ್ದ.